ಕಾಣದ ಕೇಳುಗರು

ಹುಬ್ಬಳ್ಳಿಯಿಂದ ಶಿಗ್ಗಾವಿಗೆ ಸಾಗುವ ಹೆದ್ದಾರಿಯ ಬಳಿ ತಡಸವೆಂಬ ಊರಿದೆ. ಅಲ್ಲಿಂದ ಒಂದು ದಾರಿ ಮುಂಡಗೋಡದ ಕಡೆಗೆ, ಮಲೆನಾಡಿನ ಅಂಚಿಗೆ ಹೊರಳುತ್ತದೆ. ಬಯಲುಸೀಮೆಯೂ ಮಲೆನಾಡೂ ಸಂಧಿಸುವ ಈ ನೆಲ ಬೆಳೆಗೆ ಹೇಗೋ ಹಾಗೆಯೇ ಹಾಡಿಗೂ ಹೆಸರಾದದ್ದು. ಸಂತ ಶಿಶುನಾಳ ಶರೀಫರು ಹುಟ್ಟಿ ಬೆಳೆದ ಶಿಶುವಿನಹಾಳ ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿದೆ. 1819ರಲ್ಲಿ ಜನಿಸಿ 1889ರಲ್ಲಿ ದೇಹಬಿಟ್ಟ ಶರೀಫರು ಮುಸಲ್ಮಾನ ಕುಟುಂಬದಲ್ಲಿ ಹುಟ್ಟಿದವರು. ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಈ ಗುರುಶಿಷ್ಯರ ಬಾಂಧವ್ಯದಿಂದ ಹೊಮ್ಮಿದ ತತ್ವಪದಗಳು ಪುಸ್ತಕದ ಹಾಳೆಗಳಿಗಿಂತ ಮೊದಲು ಜನರ ಕಂಠದಲ್ಲಿ ಉಳಿದವು. ಉತ್ತವರು, ಬಿತ್ತಿದವರು, ಅಕ್ಷರವನ್ನೇ ಅರಿಯದವರು ಅವನ್ನು ಹಾಡಿ ಹಾಡಿ ಕಾಪಾಡಿದರು.

ಆ ಹಾಡಿಕೆಯ ರೀತಿಯನ್ನು ಸ್ವಲ್ಪ ಗಮನಿಸಬೇಕು. ಹಗಲೆಲ್ಲ ಹೊಲದಲ್ಲಿ ದುಡಿದವರು ಉಂಡು, ಗುಡಿಯ ಕಟ್ಟೆಯ ಮೇಲೋ ಮಠದ ಅಂಗಳದಲ್ಲೋ ಕೂಡುತ್ತಾರೆ. ಒಬ್ಬನ ಕೈಯಲ್ಲಿ ಏಕತಾರಿ, ಇನ್ನೊಬ್ಬನ ಕೈಯಲ್ಲಿ ತಾಳ. ಮುಂದಾಳು ಒಂದು ನುಡಿಯನ್ನು ಎತ್ತಿಕೊಟ್ಟರೆ ಸುತ್ತಲಿದ್ದವರು ಅದನ್ನು ಮರಳಿ ಹಾಡುತ್ತಾರೆ. ಕೇಳುವವನು ಯಾರು, ಹಾಡುವವನು ಯಾರು ಎಂದು ಗೆರೆ ಎಳೆಯುವುದು ಅಲ್ಲಿ ಕಷ್ಟ. ಮುದುಕನೊಬ್ಬ ತಲೆದೂಗಿದರೆ ಅದೇ ನುಡಿ ಮತ್ತೊಮ್ಮೆ ಬರುತ್ತದೆ. ಮಕ್ಕಳು ತೂಕಡಿಸಿದರೆ ಲಯ ಚುರುಕಾಗುತ್ತದೆ. ಹಾಡು ಎಷ್ಟು ಹೊತ್ತು ನಡೆಯಬೇಕೆಂಬುದನ್ನು ನಿರ್ಧರಿಸುವುದು ಗಡಿಯಾರವಲ್ಲ, ಎದುರಿಗಿರುವ ಮುಖಗಳು.

1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಹಳ್ಳಿಯ ಹಾಡುಗಾರನಿಗೆ ಹೊಸದೊಂದು ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನ ಒಳಗೆ ಹೋದ ಮೇಲೆ ಅದು ಅವನ ಹಿಂದೆ ಗಟ್ಟಿಯಾಗಿ ಮುಚ್ಚಿಕೊಂಡಿತು. ಹೊರಗಿನ ಸದ್ದು ಒಳಕ್ಕೆ ಬಾರದ ಕೋಣೆ, ಮುಂದೊಂದು ಧ್ವನಿಗ್ರಾಹಕ ಯಂತ್ರ, ಗೋಡೆಯ ಮೇಲೊಂದು ಗಡಿಯಾರ. ಕೆಂಪು ದೀಪ ಹೊತ್ತಿದ ಕೂಡಲೇ ಹಾಡಬೇಕು. ಗೊತ್ತಾದ ನಿಮಿಷಕ್ಕೆ ಮುಗಿಸಬೇಕು. ಧ್ವನಿಮುದ್ರಣದ ಅನುಕೂಲ ವಿರಳವಾಗಿದ್ದ ಆ ದಿನಗಳಲ್ಲಿ ಹೆಚ್ಚಿನ ಕಾರ್ಯಕ್ರಮಗಳು ಹಾಡುತ್ತಿದ್ದಂತೆಯೇ ನೇರವಾಗಿ ಬಿತ್ತರವಾಗುತ್ತಿದ್ದವು. ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿಲ್ಲ. ಜಾತ್ರೆಯ ಸಾವಿರ ಜನರ ನಡುವೆ ಅಳುಕದವನೂ ಈ ನಿರ್ಜನ ಕೋಣೆಯಲ್ಲಿ ಬೆವರುವುದು ಸಹಜವೇ. ಜನರ ಎದುರಿನಲ್ಲಿ ತಪ್ಪಿದರೆ ಜನರೇ ಎತ್ತಿಕೊಳ್ಳುತ್ತಾರೆ. ಯಂತ್ರದ ಎದುರಿನಲ್ಲಿ ತಪ್ಪಿದರೆ ಎತ್ತಿಕೊಳ್ಳುವವರು ಯಾರು?

ಜನರ ಎದುರಿನಲ್ಲಿ ಹಾಡುವ ಕಲೆಗೆ ಆ ಸೀಮೆಯ ದೊಡ್ಡ ಹೆಸರು ಹುಕ್ಕೇರಿ ಬಾಳಪ್ಪನವರದು. 1911ರಲ್ಲಿ ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ ಜನಿಸಿದ ಅವರು ಸ್ವಾತಂತ್ರ್ಯ ಚಳವಳಿಯ ಸಭೆಗಳಲ್ಲಿ, ಕರ್ನಾಟಕ ಏಕೀಕರಣದ ಸಭೆಗಳಲ್ಲಿ ಹಾಡಿ ಜನರನ್ನು ಎಚ್ಚರಿಸಿದವರು. ಜನಪದ ಗೀತೆಗಳನ್ನೂ ಬೇಂದ್ರೆಯವರಂತಹ ಕವಿಗಳ ರಚನೆಗಳನ್ನೂ ಒಂದೇ ಆತ್ಮೀಯತೆಯಿಂದ ಹಾಡುತ್ತಿದ್ದ ಅವರನ್ನು ಜನರು 'ಸಾವಿರ ಹಾಡಿನ ಸರದಾರ' ಎಂದು ಕರೆದರು. ಇಂಥವರ ಹಾಡಿಕೆಗೆ ಜನಸಮೂಹವೇ ಉಸಿರು. ಆ ಉಸಿರನ್ನು ಯಂತ್ರದ ಮೂಲಕ ಸಾಗಿಸುವುದು ಹೇಗೆ ಎಂಬುದೇ ಹೊಸ ಕಾಲದ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ ಕನ್ನಡ ನಾಡಿಗಷ್ಟೇ ಎದುರಾದುದಲ್ಲ. ದೂರದ ಅಮೆರಿಕದಲ್ಲಿ ಹಳ್ಳಿಯ ಹಾಡುಗಾರರು ಇದನ್ನು ಇನ್ನೂ ಮೊದಲೇ ಎದುರಿಸಿದ್ದರು. ಅಲ್ಲಿನ ರೈತರು ಹುಲ್ಲು, ಕಾಳು ಕೂಡಿಡುವ ದೊಡ್ಡ ಕೊಟ್ಟಿಗೆಗಳಲ್ಲಿ ಸೇರಿ ಹಾಡುವ, ಕುಣಿಯುವ ವಾಡಿಕೆಯಿತ್ತು. ಅದನ್ನು 'ಬಾರ್ನ್ ಡಾನ್ಸ್' ಎನ್ನುತ್ತಿದ್ದರು. 1924ರಲ್ಲಿ ಚಿಕಾಗೋ ನಗರದ ರೇಡಿಯೋ, 1925ರಲ್ಲಿ ನ್ಯಾಶ್‌ವಿಲ್ ನಗರದ ರೇಡಿಯೋ ಅದೇ ಹೆಸರಿನಲ್ಲಿ ಹಳ್ಳಿಯ ಸಂಗೀತವನ್ನು ಬಿತ್ತರಿಸತೊಡಗಿದವು. ಹಾಡುಗಾರರನ್ನು ಕಣ್ಣಾರೆ ನೋಡಬೇಕೆಂದು ಜನ ನಿಲಯಕ್ಕೇ ನುಗ್ಗಿ ಬಂದರು. ಅವರನ್ನು ಹಿಂದಕ್ಕೆ ಕಳುಹಿಸದೆ ಒಳಗೆ ಕೂರಿಸಿಕೊಂಡದ್ದು ಜಾಣತನವಾಯಿತು. 1932ರ ಹೊತ್ತಿಗೆ ಚಿಕಾಗೋದ ಕಾರ್ಯಕ್ರಮವು ನಾಟಕಶಾಲೆಯೊಂದರ ರಂಗದಿಂದಲೇ ಪ್ರಸಾರವಾಗತೊಡಗಿತು. ಎದುರಿಗೆ ಕುಳಿತವರ ನಗು, ಚಪ್ಪಾಳೆಗಳೂ ಹಾಡಿನೊಡನೆ ದೂರದ ಮನೆಗಳನ್ನು ತಲುಪಿದವು.

ಮುಂದೆ ದೂರದರ್ಶನ ಬಂದಾಗ ಪರೀಕ್ಷೆ ಇನ್ನೂ ಕಠಿಣವಾಯಿತು. ಈಗ ಕಂಠದ ಜೊತೆಗೆ ಮುಖವೂ ಉಡುಪೂ ಲೋಕದ ಕಣ್ಣಿಗೆ ಬಿದ್ದವು. ವರ್ಜೀನಿಯಾ ರಾಜ್ಯದ ವಿಂಚೆಸ್ಟರಿನ ಪ್ಯಾಟ್ಸಿ ಕ್ಲೈನ್ ಎಂಬ ಗಾಯಕಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1932ರಲ್ಲಿ ಜನಿಸಿದ ಆಕೆ ಬಡತನದಿಂದ ಓದು ಬಿಟ್ಟು ಔಷಧದಂಗಡಿಯಲ್ಲಿ ದುಡಿಯುತ್ತ ಹಾಡು ಕಲಿತವಳು. 1950ರ ದಶಕದ ನಡುವಿನಲ್ಲಿ ವಾಷಿಂಗ್‌ಟನ್ ನಗರದಿಂದ ಶನಿವಾರ ರಾತ್ರಿ ನೇರವಾಗಿ ಪ್ರಸಾರವಾಗುತ್ತಿದ್ದ 'ಟೌನ್ ಅಂಡ್ ಕಂಟ್ರಿ ಜಾಂಬೋರಿ' ಎಂಬ ಹಳ್ಳಿ ಸಂಗೀತದ ಕಾರ್ಯಕ್ರಮದಲ್ಲಿ ಹಾಡಿ ಪಳಗಿದಳು. ಅಲ್ಲಿ ಆಕೆ ತೊಡುತ್ತಿದ್ದುದು ದನಗಾಹಿಗಳ ರೀತಿಯ ಝಾಲರಿನ ಉಡುಪು. ಅದನ್ನು ಹೊಲಿದುಕೊಟ್ಟವಳು ಹೆತ್ತ ತಾಯಿ. 1957ರ ಜನವರಿ 21ರಂದು ಇಡೀ ದೇಶವೇ ನೋಡುತ್ತಿದ್ದ ಆರ್ಥರ್ ಗಾಡ್‌ಫ್ರೇ ಅವರ ಸ್ಪರ್ಧಾ ಕಾರ್ಯಕ್ರಮಕ್ಕೆ ಹೋದಾಗ, ಆ ಉಡುಪು ಬೇಡ, ನಾಗರಿಕರ ಉಡುಗೆ ತೊಡು ಎಂದರು. ಆಕೆ ಉಡುಪನ್ನು ಬದಲಿಸಿದಳು, ದನಿಯನ್ನು ಬದಲಿಸಲಿಲ್ಲ. ಎದುರಿಗಿದ್ದವರ ಚಪ್ಪಾಳೆಯನ್ನು ಅಳೆಯುವ ಯಂತ್ರದ ಮುಳ್ಳೇ ಅಲ್ಲಿ ತೀರ್ಪುಗಾರ. ಆ ರಾತ್ರಿ ಗೆದ್ದವಳು ಪ್ಯಾಟ್ಸಿ. ಆರು ವರ್ಷಗಳ ತರುವಾಯ, 1963ರಲ್ಲಿ, ವಿಮಾನ ಅಪಘಾತದಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಕೇವಲ ಮೂವತ್ತು. ಅವಳ ಹಾಡು ಮಾತ್ರ ಉಳಿಯಿತು.

ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಬಂದುದು ಬೇರೊಂದು ಬಗೆಯಲ್ಲಿ. 1975ರ ಆಗಸ್ಟ್ ತಿಂಗಳಿಂದ ಒಂದು ವರ್ಷದ ಕಾಲ, ಉಪಗ್ರಹದ ನೆರವಿನಿಂದ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗ ನಡೆಯಿತು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಊರಿಗೆ ಒಂದೇ ಪೆಟ್ಟಿಗೆ; ಊರವರೆಲ್ಲ ಅದರ ಮುಂದೆ ಕೂಡಿ ನೋಡಬೇಕು. ಹೀಗೆ ಯಂತ್ರವೂ ಕೆಲಕಾಲ ಗುಡಿಯ ಕಟ್ಟೆಯ ನಂಟನ್ನು ಬಿಡಲಿಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಕ್ರಮೇಣ ಪೆಟ್ಟಿಗೆ ಮನೆಮನೆಗೆ ಬಂದಿತು. ಕೂಡಿ ನೋಡುತ್ತಿದ್ದವರು ತಮ್ಮ ತಮ್ಮ ಬಾಗಿಲುಗಳ ಹಿಂದೆ ಕುಳಿತರು.

ಇಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಶರೀಫರ ಪದಗಳಿಗೆ ಸಿ. ಅಶ್ವಥ್ ಅವರು ಕೊಟ್ಟ ಕಂಠದಿಂದ, 1990ರಲ್ಲಿ ತೆರೆಗೆ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರದಿಂದ ಆ ಪದಗಳು ನಾಡಿನ ಮೂಲೆಮೂಲೆಗೆ ಹರಡಿದವು. ಶಿಗ್ಗಾವಿಯ ಹೆಸರನ್ನೇ ಕೇಳದವರೂ ಶಿಶುನಾಳಾಧೀಶನನ್ನು ನೆನೆಯುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಪೆಟ್ಟಿಗೆಯಲ್ಲಿ ಕೇಳಿದ ಧಾಟಿಯೇ ಸರಿ, ನಮ್ಮೂರಿನ ಅಜ್ಜ ಹಾಡುವ ಧಾಟಿ ತಪ್ಪು ಎಂಬ ಭಾವನೆ ಎಳೆಯರಲ್ಲಿ ಬೇರೂರಿದರೆ, ಅಜ್ಜನೊಡನೆ ಆ ಧಾಟಿಯೂ ಮಣ್ಣಾಗುತ್ತದೆ. ಚೆನ್ನಾಗಿ ಹಾಡುವವರ ಹಾಡನ್ನು ಕೇಳುತ್ತ ಕೇಳುತ್ತ ತಾವು ಹಾಡುವುದನ್ನೇ ಮರೆತ ಊರು, ತುಂಬಿದ ಕೆರೆಯ ಪಕ್ಕದಲ್ಲಿ ಬೀಳುಬಿದ್ದ ಹೊಲದಂತೆ.

ಯಂತ್ರವನ್ನು ದೂರುವುದರಿಂದ ಪ್ರಯೋಜನವಿಲ್ಲ. ಅದು ಹಾಡನ್ನು ಹೊತ್ತೊಯ್ಯಬಲ್ಲದು, ಮರಳಿ ಹಾಡಲಾರದು. ಆ ಕೆಲಸ ಕೇಳುಗನಿಗೇ ಮೀಸಲು. ಮುಚ್ಚಿದ ಕೋಣೆಯಲ್ಲಿ ಕುಳಿತು ಹಾಡಿದವನು ತನಗೆ ಕಾಣದ ಕೇಳುಗರನ್ನು ನಂಬಿ ಹಾಡಿದನು. ಆ ಹಾಡನ್ನು ಕೇಳಿದವನು ತನ್ನ ಕಂಠದಲ್ಲಿ, ತನ್ನ ಊರಿನ ಧಾಟಿಯಲ್ಲಿ, ತಪ್ಪಾದರೂ ಅಳುಕದೆ ಒಂದು ನುಡಿಯನ್ನು ಎತ್ತಿ ಹಾಡಿದಾಗ ಆ ನಂಬಿಕೆ ಸಾರ್ಥಕವಾಗುತ್ತದೆ.