ಬೀಗದ ಕೈ ಯಾರಲ್ಲಿರಬೇಕು?



ಶ್ರೀಮಠದ ಯಾತ್ರಿನಿವಾಸದಲ್ಲಿ ತಂಗುವ ತಾವು, ಕೊಠಡಿ ಶುಚಿಯಾಗಿದ್ದು ಪ್ರಸಾದ ಬಿಸಿಯಾಗಿದ್ದರೆ ಸಂತೋಷದಿಂದ ತೆರಳುತ್ತೀರಿ. ಅದರ ಹಿಂದಿರುವ ಕೈಗಳಿಗೆ ಕೆಲಸ ಹಂಚುವುದು ಎಂತಹ ತೊಡಕಿನ ವಿಚಾರವೆಂಬುದು ಬಹುಕಾಲ ನಮಗೂ ತಿಳಿದಿರಲಿಲ್ಲ.

ಮೊದಲು ಹಿರಿಯರೊಬ್ಬರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಸಂತೆಗೆ ಹೋಗುವವರು ಅವರೇ, ಉಗ್ರಾಣಕ್ಕೆ ಬೀಗ ಹಾಕುವವರು ಅವರೇ, ಲೆಕ್ಕ ಬರೆಯುವವರೂ ಅವರೇ. ಅವರು ಲಿಂಗೈಕ್ಯರಾದ ಮೇಲೆ, ಅಕ್ಕಿ ಎಷ್ಟಿದೆ, ಯಾರ ಬಾಕಿ ಎಷ್ಟು ಎಂದು ಹೇಳಬಲ್ಲವರೇ ಇರಲಿಲ್ಲ. ಆಗ ನಾವು ಆತಿಥ್ಯದ ವ್ಯವಸ್ಥೆಯನ್ನು ಕುರಿತ ಗ್ರಂಥಗಳನ್ನು ತರಿಸಿ ಓದತೊಡಗಿದೆವು. ವಿಶ್ವವಿದ್ಯಾಲಯದಲ್ಲಿ ಕಲಿತ ಚಟ, ಏನು ಮಾಡುವುದು!

ಫ್ರಾನ್ಸಿನ ಆಗಸ್ಟ್ ಎಸ್ಕೋಫಿಯೆ ಎಂಬ ಬಾಣಸಿಗನು 1890ರಲ್ಲಿ ಸೀಸರ್ ರಿಟ್ಜ್ ಎಂಬ ವ್ಯವಸ್ಥಾಪಕನೊಡನೆ ಲಂಡನ್ನಿನ ಸವಾಯ್ ಹೋಟೆಲನ್ನು ಸೇರಿದನು. ಹಿಂದೆ ದೊಡ್ಡ ಅಡುಗೆಮನೆಗಳಲ್ಲಿ ಒಂದೊಂದು ಗುಂಪು ತನ್ನ ಪದಾರ್ಥವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡುತ್ತಿದ್ದುದರಿಂದ, ಒಂದೇ ಕೆಲಸ ಹಲವೆಡೆ ನಡೆಯುತ್ತಿತ್ತು. ಸೈನ್ಯದಲ್ಲಿ ಅಡುಗೆ ಮಾಡಿ ಬಂದಿದ್ದ ಎಸ್ಕೋಫಿಯೆಯು ಅದನ್ನು ಮುರಿದು ಸಾರಿಗೊಬ್ಬ, ಸುಡುವುದಕ್ಕೊಬ್ಬ, ತರಕಾರಿ ಮೊಟ್ಟೆಗಳಿಗೊಬ್ಬ, ತಣ್ಣನೆಯ ಪದಾರ್ಥಗಳಿಗೊಬ್ಬ, ಸಿಹಿಗೊಬ್ಬ ಎಂದು ಮುಖ್ಯಸ್ಥರನ್ನು ನಿಯಮಿಸಿದನು. ಒಬ್ಬನೇ ಮಾಡಿದರೆ ಕಾಲು ಗಂಟೆ ಹಿಡಿಯುತ್ತಿದ್ದ ಮೊಟ್ಟೆಯ ಖಾದ್ಯವೊಂದು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗತೊಡಗಿತು. ಆ ಪದಾರ್ಥ ನಮ್ಮ ಪಂಕ್ತಿಗೆ ಸಲ್ಲತಕ್ಕುದಲ್ಲ. ಅದರ ಲೆಕ್ಕಾಚಾರ ಮಾತ್ರ ಸಲ್ಲುತ್ತದೆ.

ನಾವೂ ಸ್ವಾಗತ ಕಚೇರಿ, ಕೊಠಡಿಗಳು, ಅಡುಗೆ, ಬಡಿಸುವಿಕೆ, ಉಗ್ರಾಣ, ಲೆಕ್ಕಪತ್ರ ಎಂದು ವಿಂಗಡಿಸಿದೆವು. ಕೊಳ್ಳುವವರು ಬೇರೆ, ತೂಗಿ ಒಳಗಿರಿಸಿಕೊಳ್ಳುವವರು ಬೇರೆ, ಹಣ ಕೊಡುವವರು ಬೇರೆಯಾದರು. ಅಡುಗೆಯ ಮುಖ್ಯಸ್ಥರ ಚೀಟಿಯಿಲ್ಲದೆ ಉಗ್ರಾಣದಿಂದ ಒಂದು ಕಡ್ಡಿಯೂ ಹೊರಬರಕೂಡದೆಂದು ಕಟ್ಟಳೆ ಮಾಡಿದೆವು. ಮೊದಲು ಬಂದ ಬೇಳೆ ಮೊದಲು ಖರ್ಚಾಗಿ, ಹುಳು ಹಿಡಿಯುವುದು ನಿಂತಿತು. ಕೊಠಡಿ ಗುಡಿಸುವವರ ವರದಿಯನ್ನು ಪ್ರತಿದಿನ ಬೆಳಿಗ್ಗೆ ಕಚೇರಿಯ ಪುಸ್ತಕದೊಡನೆ ತಾಳೆ ನೋಡುವುದರಿಂದ, ಖಾಲಿಯಿದ್ದ ಕೊಠಡಿಯನ್ನು ಭರ್ತಿಯೆಂದು ಹೇಳಿ ಭಕ್ತರನ್ನು ಹಿಂದಿರುಗಿಸುವುದೂ ತಪ್ಪಿತು. ಹಂಚಿಕೆಯ ಪಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಹಾಕಿದೆವು. ಬಂದವರಿಗೆ ತೋರಿಸುತ್ತಲೂ ಇದ್ದೆವು.

ಒಂದು ರಾತ್ರಿ 10-30ರ ಸುಮಾರಿಗೆ ವೃದ್ಧರೊಬ್ಬರು ಬಂದರು. ಸಕ್ಕರೆ ಕಾಯಿಲೆಯವರು. ಮಠದಲ್ಲಿ ಪ್ರಸಾದ ದೊರೆಯುವುದೆಂಬ ಭರವಸೆಯಿಂದ ಬಸ್ಸಿನಿಂದ ಇಳಿದೊಡನೆ ಇನ್ಸುಲಿನ್ ಚುಚ್ಚಿಕೊಂಡಿದ್ದರು. ಅಡುಗೆಮನೆ ಮುಚ್ಚಿತ್ತು, ಅಡುಗೆಯ ಮುಖ್ಯಸ್ಥರು ಊರೊಳಗಿನ ತಮ್ಮ ಮನೆಗೆ ಹೋಗಿದ್ದರು. ಸ್ವಲ್ಪ ಹೊತ್ತಿನಲ್ಲಿ ವೃದ್ಧರಿಗೆ ಬೆವರು, ನಡುಕ. ಉಗ್ರಾಣದಲ್ಲಿ ಬೆಲ್ಲದ ಪೆಂಟೆಗಳಿದ್ದವು. ಬೀಗದ ಕೈ ಗುಮಾಸ್ತರ ಮೇಜಿನಲ್ಲಿಯೇ ಇತ್ತು. ಆದರೆ ಚೀಟಿಯಿರಲಿಲ್ಲ. ಅವರು ಮುಖ್ಯಸ್ಥರಿಗೆ ಮೇಲಿಂದ ಮೇಲೆ ಫೋನು ಮಾಡುತ್ತ ಕುಳಿತರು. ಕಟ್ಟಳೆಯ ಕೆಳಗಿನ ರುಜು ನಮ್ಮದಾದುದರಿಂದ ಅವರನ್ನು ದೂಷಿಸುವಂತಿಲ್ಲ.

ಗದ್ದಲ ಕೇಳಿ ಹಿಂಬದಿಯ ಮನೆಯಿಂದ ಬಂದ, ಕೊಠಡಿ ಗುಡಿಸುವ ತಾಯಿಯೊಬ್ಬಳು ತಿರುಗಿ ಓಡಿ, ತನ್ನ ಡಬ್ಬಿಯ ಬೆಲ್ಲವನ್ನು ನೀರಿನಲ್ಲಿ ಕಲಸಿ ತಂದು ಕುಡಿಸಿದಳು. ಬಳಿಕ ರೊಟ್ಟಿ ಕೊಟ್ಟಳು. ಮರುದಿನ ನಾವು ಕರೆದು ವಿಚಾರಿಸಿದಾಗ, ತಪ್ಪು ಮಾಡಿದವಳಂತೆ ನಿಂತು, "ನನ್ನ ಕೆಲಸ ಅಲ್ಲರಿ ಅಜ್ಜಾರ, ಆದ್ರ ಅವರು ಭಾಳ ಬೆವರಾಕತ್ತಿದ್ರು" ಎಂದಳು.

ಆ ಗ್ರಂಥವನ್ನು ಮತ್ತೆ ತೆರೆದೆವು. ಎಸ್ಕೋಫಿಯೆಯ ವ್ಯವಸ್ಥೆಯಲ್ಲಿ ಇನ್ನೊಬ್ಬನಿದ್ದನು: ಅತಿಥಿಗಳ ಬೇಡಿಕೆಯನ್ನು ಎಲ್ಲ ವಿಭಾಗಗಳಿಗೂ ಕೇಳುವಂತೆ ಸಾರುವವನು. ಐದು ವಿಭಾಗಗಳನ್ನು ಕಂಡ ನಮ್ಮ ಕಣ್ಣಿಗೆ ಅವನು ಬಿದ್ದಿರಲಿಲ್ಲ.

ಈಗ ಪ್ರತಿ ಸರದಿಗೂ ಒಬ್ಬರು ಹೊಣೆಗಾರರಿದ್ದಾರೆ. ಅವರ ಮಾತು ಆರು ವಿಭಾಗಗಳಲ್ಲಿಯೂ ನಡೆಯುತ್ತದೆ. ಸರದಿ ಬದಲಾಗುವಾಗ, ಯಾರು ತಡವಾಗಿ ಬರುವವರಿದ್ದಾರೆ, ಯಾರಿಗೆ ಪಥ್ಯ ಎಂಬುದನ್ನು ಪುಸ್ತಕದಲ್ಲಿ ಬರೆದು ಓದಿ ಹೇಳುತ್ತಾರೆ. ಉಗ್ರಾಣದ ಚೀಟಿ ಹಾಗೆಯೇ ಉಳಿದಿದೆ. ಅದನ್ನು ಬಿಟ್ಟರೆ ಬೇಳೆಗೆ ಮತ್ತೆ ಹುಳು ಬಂದೀತು. ಆದರೆ ಕಚೇರಿಯ ಪಕ್ಕದಲ್ಲಿ ಬೀಗವಿಲ್ಲದ ಕಪಾಟೊಂದನ್ನು ಇರಿಸಿದ್ದೇವೆ. ಅದರಲ್ಲಿ ಬೆಲ್ಲ, ಅವಲಕ್ಕಿ, ಬಾಳೆಹಣ್ಣು ಇರುತ್ತವೆ. ಸಂಜೆ ಅದನ್ನು ತುಂಬಿಸುವ ಕೆಲಸವನ್ನು ಆ ತಾಯಿಯ ಹೆಸರಿಗೇ ಬರೆದಿದ್ದೇವೆ.

ಕಪಾಟಿನ ಬೆಲ್ಲದ ಲೆಕ್ಕ ಯಾವ ತಿಂಗಳೂ ಹೊಂದುವುದಿಲ್ಲವೆಂದು ಲೆಕ್ಕಪತ್ರದವರ ದೂರು. ಹೊಂದುವುದಿಲ್ಲವೆಂದೇ ಬರೆದಿಡಲು ಹೇಳಿದ್ದೇವೆ.