ಮಹಾಕೂಟದ ರೊಟ್ಟಿಬುಟ್ಟಿ

ಬಾದಾಮಿಯಿಂದ ಮಹಾಕೂಟಕ್ಕೆ ಎರಡು ದಾರಿಗಳುಂಟು. ಒಂದು, ಗುಡ್ಡಗಳನ್ನು ಬಳಸಿಕೊಂಡು ಸುಮಾರು 14 ಕಿ.ಮೀ. ಸುತ್ತಿ ಬರುವ ಮೋಟಾರಿನ ದಾರಿ. ಇನ್ನೊಂದು, ಕೆಂಗಲ್ಲಿನ ಬೆಟ್ಟವನ್ನೇರಿ, ಕುರುಚಲು ಕಾಡಿನೊಳಗೆ ಹಾದು, ಎಲುಬುಗೂಡಿನಂತಹ ದ್ವಾರಪಾಲರು ಕಾಯ್ದುಕೊಂಡಿರುವ ಹಳೆಯ ಬಾಗಿಲಿಗೆ ಇಳಿಯುವ ಕಾಲುದಾರಿ. ಮೊದಲನೆಯ ದಾರಿಯಲ್ಲಿ ಬಂದವರು ಭಕ್ತರಾಗಿ ಬರುತ್ತಾರೆ. ಎರಡನೆಯ ದಾರಿಯಲ್ಲಿ ಬಂದವರು ಹಸಿದು ಬರುತ್ತಾರೆ. ನಮ್ಮ ಮನೆತನವು ಅನೇಕ ವರ್ಷಗಳ ಕಾಲ ಈ ಎರಡನೆಯವರ ಹಸಿವೆಯನ್ನು ನಂಬಿಯೇ ಬದುಕಿತು. ದೇವಾಲಯದ ಹೊರಗೆ ಮರದ ನೆರಳಿನಲ್ಲಿ, ಬಿಳಿಯ ಅರಿವೆ ಮುಚ್ಚಿದ ರೊಟ್ಟಿಯ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕುಳಿತಿರುತ್ತಿದ್ದ ಹೆಂಗಸರಲ್ಲಿ ನಮ್ಮ ಅವ್ವನೂ ಒಬ್ಬಳು.

ಅವಳು ಹುಟ್ಟಿದ ವರ್ಷವನ್ನು ಯಾರೂ ಬರೆದಿಡಲಿಲ್ಲ. 1948ರಲ್ಲಿ ರಜಾಕಾರರ ಹಾವಳಿಗೆ ಹೆದರಿ ನಿಜಾಮರ ಸೀಮೆಯ ಜನರು ಗಡಿ ದಾಟಿ ಈ ಕಡೆಗೆ ಬಂದಾಗ, ಗುಳೇದಗುಡ್ಡದ ತವರುಮನೆಯಲ್ಲಿ ಖಣದ ಮಗ್ಗಕ್ಕೆ ತಾನು ಕಂಡಿಕೆ ಸುತ್ತುತ್ತಿದ್ದೆನೆಂದು ಹೇಳುತ್ತಿದ್ದಳು. ನಮ್ಮ ಪಾಲಿಗೆ ಅದೇ ಅವಳ ಜಾತಕ. ಹುಟ್ಟಿದಾಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯವಳಾಗಿದ್ದು, 1956ರಲ್ಲಿ ಮೈಸೂರು ರಾಜ್ಯದವಳಾಗಿ, 1973ರಲ್ಲಿ ಕರ್ನಾಟಕದವಳಾಗಿ, 1997ರಲ್ಲಿ ಬಾಗಲಕೋಟೆ ಜಿಲ್ಲೆಯವಳಾದಳು. "ನಾ ಕುಂತಲ್ಲೇ ಕುಂತೀನಿ, ಬೋರ್ಡ್ ಅಷ್ಟ ಬದಲಾಕ್ಕೊಂತ ಹೊಂಟೈತಿ" ಎಂಬುದು ರಾಜ್ಯಶಾಸ್ತ್ರವನ್ನು ಕುರಿತು ಅವಳ ಏಕಮಾತ್ರ ವ್ಯಾಖ್ಯಾನ.

ಮದುವೆಯಾಗಿ ಬಂದದ್ದು ಕಲ್ಲು ಒಡೆಯುವವನ ಮನೆಗೆ. ಅಪ್ಪನ ಕೈಯಲ್ಲಿ ಉಳಿ, ಅವಳ ಕೈಯಲ್ಲಿ ಕುಡುಗೋಲು. ಸುಗ್ಗಿ ಮುಗಿದೊಡನೆ ರೊಟ್ಟಿಯ ಬುಟ್ಟಿ. 1972ರ ಬರದಲ್ಲಿ ಇಬ್ಬರೂ ರಸ್ತೆಯ ಕಾಮಗಾರಿಗೆ ಹೋಗಿ ಕಡಿ ಒಡೆದರು. ಆ ದಿನಗಳ ಕಷ್ಟವನ್ನು ಕೇಳಿ ತಿಳಿಯಬೇಕೆಂದು ನಾನು ಎಷ್ಟೋ ಸಲ ಪ್ರಯತ್ನಿಸಿದ್ದುಂಟು. ಆದರೆ ಬಿಸಿಲಿನ ಮಾತಾಗಲಿ ಹಸಿವೆಯ ಮಾತಾಗಲಿ ಅವಳ ಬಾಯಿಂದ ಹೊರಡಲಿಲ್ಲ. ಎಡಗಡೆ ಕುಳಿತು ಕಡಿ ಒಡೆಯುತ್ತಿದ್ದವಳು ಯಾವ ಊರಿನವಳು, ಅವಳಿಗೆ ಎಷ್ಟು ಮಕ್ಕಳು, ಅವಳ ಮೈದುನನಿಗೆ ಹೆಣ್ಣು ಕೊಟ್ಟವರಾರು ಎಂಬ ವೃತ್ತಾಂತವೇ ಸವಿಸ್ತಾರವಾಗಿ ಬಂದಿತು. ಬರಗಾಲವೆಂಬುದು ಅವಳ ನೆನಪಿನಲ್ಲಿ ಬಹು ಜನರ ಪರಿಚಯವಾದ ಕಾಲವಾಗಿ ಉಳಿದಿದ್ದಿತು.

ಅವಳ ದಿನವು ಕೋಳಿ ಕೂಗುವ ಮುನ್ನವೇ ಮೊದಲಾಗುತ್ತಿದ್ದಿತು. ಎಸರಿಗೆ ಬಿಳಿಜೋಳದ ಹಿಟ್ಟು ಬಿದ್ದು, ಅಂಗೈಯ ಬುಡದಿಂದ ನಾದಿಸಿಕೊಂಡು ಬೆಣ್ಣೆಯಂತಾದ ಮೇಲೆ, ಅವಳು ರೊಟ್ಟಿ ಬಡಿಯಲು ತೊಡಗುವಳು. ಆ ಶಬ್ದಕ್ಕೆ ಒಂದು ತಾಳವಿದ್ದಿತು: ನಾಲ್ಕು ಪೆಟ್ಟು ಬಲಗೈಯದು, ಬಳಿಕ ಎಡಗೈ ಅಂಚನ್ನು ತುಸು ತಿರುಗಿಸುವುದು, ಮತ್ತೆ ನಾಲ್ಕು ಪೆಟ್ಟು. ಚಂದ್ರನಂತೆ ದುಂಡಗಾದುದನ್ನು ಎತ್ತಿ ಹಂಚಿಗೆ ಹಾಕಿ, ಹಸಿ ಅರಿವೆಯಿಂದ ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿದೊಡನೆ ಅದು ಉಬ್ಬಿ ಉಸಿರಾಡುವುದು. ಹಾಸಿಗೆಯಲ್ಲಿ ಮಲಗಿಕೊಂಡೇ ಆ ತಾಳವನ್ನು ಎಣಿಸಿ, ಇಂದು ಎಷ್ಟು ರೊಟ್ಟಿಗಳಾದುವೆಂದು ನಾನು ಹೇಳಬಲ್ಲವನಾಗಿದ್ದೆ. ನಾನು ಕಲಿತ ಮೊದಲ ಗಣಿತವು ಅದು. ಬೆಳಕು ಹರಿಯುವಷ್ಟರಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಚಟ್ನಿ, ಮಡಿಕೆಕಾಳಿನ ಪಲ್ಯ, ಕುಡಿಕೆಗಳಲ್ಲಿ ಹೆಪ್ಪುಗಟ್ಟಿದ ಮೊಸರು ಎಲ್ಲವೂ ಬುಟ್ಟಿಗೆ ಸೇರಿ, ಸಿಂಬಿಯ ಮೇಲೆ ಕುಳಿತು ಹೊರಡುತ್ತಿದ್ದುವು.

ಮಾರಾಟವು ಅವಳಿಗೆ ನೆಪಮಾತ್ರವಾಗಿದ್ದಿತೆಂದು ನನಗೆ ಈಗ ತೋರುತ್ತದೆ. ಬುಗ್ಗೆಯ ನೀರಿನ ಹೊಂಡದಲ್ಲಿ ಮಿಂದು, ತಲೆ ಒರೆಸಿಕೊಳ್ಳುತ್ತ ಹೊರಬಂದ ಯಾತ್ರಿಕನಿಗೆ, "ಬರ್ರಿ ಯಪ್ಪಾ, ಮದ್ಲ ಉಣ್ರಿ, ರೊಕ್ಕ ಆಮ್ಯಾಲ" ಎನ್ನುವಳು. ಅವನು ಎರಡನೆಯ ತುತ್ತು ಬಾಯಿಗಿಡುವುದರೊಳಗಾಗಿ ಅವನ ಊರು, ಬೆಳೆ, ಬೀಗರು ಎಲ್ಲವೂ ಅವಳಿಗೆ ತಿಳಿದಿರುವುವು. ಶ್ರಾವಣ ಸೋಮವಾರಗಳಲ್ಲಿ ಇಳಕಲ್ಲಿನವರು ಬಂದರೆ ಹುನಗುಂದದವರಿಗೆ ಸುದ್ದಿ ಮುಟ್ಟಿಸುವಳು. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಯಲ್ಲಿ ಬುಟ್ಟಿಯಿಟ್ಟು, ರಾತ್ರಿ ಕಂಪನಿ ನಾಟಕ ನೋಡಿ, ಆ ಕಥೆಯನ್ನು ಇಡಿಯ ಮಾಘಮಾಸದಲ್ಲಿ ಹಂಚುವಳು. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಕೊಂಡಿ ಹಾಕಿ ಕೂಡಿಸುತ್ತಾರಷ್ಟೆ. ಅಂತಹ ಕೊಂಡಿ ಹಾಕಿ ಅವಳು ಕೂಡಿಸಿದ ಮದುವೆಗಳೇ ಎಷ್ಟೋ. ಅವುಗಳಲ್ಲಿ ಒಂದೆರಡು ಕಡೆ ಎಳೆ ಹರಿದು, ಬೈಗುಳ ನಮ್ಮ ಮನೆಯ ಬಾಗಿಲವರೆಗೂ ಬಂದದ್ದುಂಟು. ಬೈಯಲು ಬಂದವರಿಗೂ ಅವಳು ಮೊದಲು ಉಣಬಡಿಸಿದಳು.

ಈ ಸ್ಥಳದ ಪುರಾಣವೂ ಊಟದ್ದೇ. ವಾತಾಪಿ ಇಲ್ವಲರೆಂಬ ಅಣ್ಣತಮ್ಮಂದಿರು ಅತಿಥಿಗಳನ್ನು ಕರೆದು ಉಣಬಡಿಸಿ ಕೊಲ್ಲುತ್ತಿದ್ದರಂತೆ. ಅಗಸ್ತ್ಯರು ಬಂದು ಉಂಡು, ವಾತಾಪಿಯನ್ನು ಹೊಟ್ಟೆಯಲ್ಲಿಯೇ ಅರಗಿಸಿದರಂತೆ. ಅರ್ಚಕರ ಬಾಯಿಂದ ಈ ಕಥೆಯನ್ನು ಕೇಳಿದ್ದ ಅವ್ವನು, ಮೊಮ್ಮಕ್ಕಳಿಗೆ ಹೊಟ್ಟೆ ತುಂಬ ಉಣಿಸಿ, ಅವುಗಳ ಹೊಟ್ಟೆ ಸವರುತ್ತ "ಜೀರ್ಣ ಜೀರ್ಣ, ವಾತಾಪಿ ಜೀರ್ಣ" ಎನ್ನುತ್ತಿದ್ದಳು. ಆದರೆ ಇಲ್ವಲನ ಮೇಲೆ ಅವಳಿಗಿದ್ದ ಸಿಟ್ಟು ಅಗಸ್ತ್ಯರಿಗೂ ಇದ್ದಿರಲಾರದು: "ಕರದು ಉಣ್ಣಾಕ ಹಾಕಿ ಕೊಲ್ತಾರೇನು? ಅವ ಎಂಥಾ ಮನಶ್ಯಾ!"

ಕಾಲೇಜಿನಲ್ಲಿ ಕಲಿಯುತ್ತಿದ್ದಾಗ ನಾನು ಮಹಾಕೂಟದ ಶಾಸನಗಳ ವಿಷಯವನ್ನು ಓದಿಕೊಂಡು, ಪಂಡಿತನಾದೆನೆಂಬ ಹೆಮ್ಮೆಯಿಂದ ಊರಿಗೆ ಬಂದೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯು ಈ ದೇವರಿಗೆ ದತ್ತಿಬಿಟ್ಟುದನ್ನು ಹೇಳುವ ಮಂಗಳೇಶನ ಕಂಬವು ಈಗ ವಿಜಾಪುರದ ವಸ್ತುಸಂಗ್ರಹಾಲಯದಲ್ಲಿರುವುದನ್ನು ಅವಳಿಗೆ ತಿಳಿಸಿದೆ. ಅವಳು ಆಕಳಿಸಿದಳು. ಮಹಾಕೂಟೇಶ್ವರನ ಮುಖಮಂಟಪದ ಕಂಬದಲ್ಲಿ, ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿಯೆಂಬವಳು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಕೊಟ್ಟ ಸಂಗತಿಯಿದೆಯೆಂದೆ. ಬುಟ್ಟಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಆಕಿ ಯಾರ ಮಗಳು?"

"ಕುಚಿಪೋಟಿಯೆಂಬವಳ ಮಗಳು ಎಂದು ಬರೆದಿದೆ."

"ಆಕಿ ಅವ್ವ?"

"ರೇವಮಂಚಳೆ. ಅದೂ ಬರೆದಿದೆ."

"ಶ್ಯಾಣೇಕಿ" ಎಂದಳು ಅವ್ವ. "ಕೊಟ್ಟದ್ದು ಯಾರರೆ ಬರೀತಾರ. ಅವ್ವನ ಅವ್ವನ ಹೆಸರ ಬರಸ್ಯಾಳಲ್ಲ!"

ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಹೆಣ್ಣೊಬ್ಬಳ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸಿದ ಪಂಡಿತನಿಗೆ, ಎದುರಿಗೆ ಕುಳಿತವಳನ್ನು ಅದೇ ಪ್ರಶ್ನೆ ಕೇಳಬೇಕೆಂಬ ಬುದ್ಧಿ ಆ ದಿನ ಹುಟ್ಟಲಿಲ್ಲ, ಮುಂದೆಯೂ ಹುಟ್ಟಲಿಲ್ಲ.

ಎಂಬತ್ತು ದಾಟಿದ ಮೇಲೆ ಒಂದು ಚಳಿಗಾಲದ ಬೆಳಗಿನಲ್ಲಿ ಅವಳು ತೀರಿಕೊಂಡಳು. ಮರಣದ ನೋಂದಣಿಗೆಂದು ಕಾಗದ ತುಂಬುವಾಗ "ಮೃತರ ತಾಯಿಯ ಹೆಸರು" ಎಂದಿದ್ದ ಕಡೆ ನನ್ನ ಲೇಖನಿ ನಿಂತಿತು. ನಮಗೆಲ್ಲ ಆಕೆ ಕೇವಲ 'ಗುಡ್ಡದ ಅಮ್ಮ'. ಕಾಗದವನ್ನು ಹಿಡಿದುಕೊಂಡು ಮಹಾಕೂಟಕ್ಕೆ ಹೋಗಿ, ರೊಟ್ಟಿಯ ಬುಟ್ಟಿಗಳ ಸಾಲಿನಲ್ಲಿ, ಅವಳ ಜಾಗದ ಪಕ್ಕದಲ್ಲಿ ಕುಳಿತಿದ್ದ ಮುದುಕಿಯನ್ನು ಕೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಡಮಾಡದೆ, ನನ್ನ ಅವ್ವನ ತಾಯಿಯ ಹೆಸರನ್ನೂ ಆ ತಾಯಿಯ ತಾಯಿಯ ಹೆಸರನ್ನೂ ಹೇಳಿ, "ಇಷ್ಟ ಸಾಲಿ ಕಲ್ತಿ, ಇದನ್ನ ಕೇಳಲಿಲ್ಲೇನೋ ತಮ್ಮಾ?" ಎಂದು ನನ್ನ ಕೈಗೆ ಒಂದು ರೊಟ್ಟಿ ಇಟ್ಟಳು.

ಅವ್ವನದೂ ಸೇರಿ ಆ ಮೂರು ಹೆಸರುಗಳನ್ನು ಮನೆಯ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅವುಗಳನ್ನು ಇಲ್ಲಿ ಕೊಟ್ಟರೆ ಓದುಗರಿಗೆ ಆಗಬೇಕಾದುದೇನೂ ಇಲ್ಲ. ಅವರವರ ಮನೆಯಲ್ಲಿ ಹೇಳಬಲ್ಲವರು ಇನ್ನೂ ಇದ್ದರೆ, ಈ ಹಾಳೆಯನ್ನು ಮಡಚಿಟ್ಟು ಎದ್ದು ಹೋಗಿ ಕೇಳಿಕೊಳ್ಳುವುದು ಲೇಸು.