ಮೇಸ್ತ್ರಿಯ ಒಂದು ವಾರ, ನಮ್ಮ 41 ದಿನ

ಬಚ್ಚಲುಮನೆಯ ಟೈಲ್ಸ್ ತೆಗೆದು ಹೊಸದು ಹಾಕೋಕೆ ಎಷ್ಟು ದಿನ ಬೇಕು? ಯಾವ ಮೇಸ್ತ್ರಿಯನ್ನು ಕೇಳಿದರೂ ಉತ್ತರ ಒಂದೇ: "ಒಂದು ವಾರ ಸಾಕಣ್ಣ." ಅವರು ಹೇಳುವುದು ಸುಳ್ಳಲ್ಲ. ಅವರ ಕೈಗೆ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ಸಿಮೆಂಟಿಗೆ ಬೇಕಾಗುವ ದಿನ, ಹಬ್ಬಕ್ಕೆ ಹೋಗುವ ದಿನ, ಮಳೆ ತಿನ್ನುವ ದಿನ ಆ ವಾರದಲ್ಲಿ ಸೇರಿರುವುದಿಲ್ಲ. ಅದನ್ನು ಲೆಕ್ಕ ಹಾಕಬೇಕಾದವರು ಮನೆಯವರು.

ನಮ್ಮ ಮನೆಯಲ್ಲಿ ಈ ಲೆಕ್ಕ ಶುರುವಾಗಿದ್ದು ತಂಗಿಯಿಂದ. ಅವಳಿಗೆ ಇದು ಚೊಚ್ಚಲ ಹೆರಿಗೆ. ನವೆಂಬರ್ ಕೊನೆಯ ವಾರ ಅಂತ ಡಾಕ್ಟರು ದಿನ ಕೊಟ್ಟಿದ್ದಾರೆ. ಪಿತೃಪಕ್ಷ ಹಿಡಿಯುವ ಮೊದಲೇ ಕುಪ್ಪಸ ಮುಗಿಸಿ, ಸೆಪ್ಟೆಂಬರ್ 24ಕ್ಕೆ ನ್ಯಾಮತಿ ಕಡೆಯ ನಮ್ಮ ಊರಿಗೆ ಕರೆದುಕೊಂಡು ಬರುವುದು ಅಂತ ತೀರ್ಮಾನವಾಗಿದೆ. ಬಾಣಂತನ ಅಂದರೆ ಎಣ್ಣೆ, ಹಂಡೆಗಟ್ಟಲೆ ಬಿಸಿನೀರು, ಹೊಗೆಯಾಡುವ ಬಚ್ಚಲು. ನಮ್ಮ ಬಚ್ಚಲಿನ ನೆಲಕ್ಕೆ ಇರುವುದು ಹಳೆಯ ನುಣುಪು ಟೈಲ್ಸು. ಹೋದ ವರ್ಷ ಅವ್ವ ಅಲ್ಲೇ ಜಾರಿ ಮುಂಗೈ ಮುರಿದುಕೊಂಡು ಆರು ವಾರ ಪಟ್ಟಿ ಹಾಕಿಸಿಕೊಂಡಿದ್ದಳು. ಸಂದಿಯಲ್ಲಿ ಇಳಿದ ನೀರು ಪಕ್ಕದ ಕೋಣೆಯ ಗೋಡೆಯಲ್ಲಿ ಒಸರುತ್ತಿದೆ. ಬಾಣಂತಿ ಮತ್ತು ಕೂಸು ಮಲಗಬೇಕಾಗಿರುವುದು ಅದೇ ಕೋಣೆಯಲ್ಲಿ.

"ಬಸುರಿ ಮನೇಲಿರುವಾಗ ಒಡೆಯೋದು ಕಟ್ಟೋದು ಬೇಡ" ಅನ್ನುವುದು ಅವ್ವನ ಮಾತು. ನಂಬಿಕೆ ಪಕ್ಕಕ್ಕಿಟ್ಟರೂ, ಟೈಲ್ಸ್ ಒಡೆಯುವ ದೂಳಿನಲ್ಲಿ ಏಳು ತಿಂಗಳ ಬಸುರಿಯನ್ನು ಯಾರು ಕೂರಿಸುತ್ತಾರೆ? ಆದ್ದರಿಂದ ನಾವು ಗಂಡ ಹೆಂಡತಿ ಕೂತು, ಸೆಪ್ಟೆಂಬರ್ 24ರಿಂದ ಹಿಂದಕ್ಕೆ ಎಣಿಸಿದೆವು. ಶುರು ಯಾವಾಗ ಅಂತ ಕೇಳಿಕೊಂಡರೆ ಕೆಲಸ ಮುಗಿಯುವ ದಿನ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಯಾವತ್ತು ಮುಗಿದಿರಲೇಬೇಕು ಅಂತ ಕೇಳಿಕೊಂಡರೆ ಶುರು ಮಾಡುವ ದಿನ ತಾನಾಗಿ ಸಿಗುತ್ತದೆ.

ಮೇಸ್ತ್ರಿಯ ಎದುರೇ ಕೂತು ಬರೆದ ಪಟ್ಟಿ ಇದು:

1–2: ಹಳೆ ಟೈಲ್ಸ್ ಒಡೆದು ಕಸ ಸಾಗಿಸುವುದು.
3: ಗೋಡೆ ಕೊರೆದು ಪೈಪ್ ಕೂರಿಸುವುದು. ರಾತ್ರಿಯಿಡೀ ನೀರು ಬಿಟ್ಟು ಸೋರುತ್ತದಾ ಅಂತ ನೋಡುವುದು.
4: ಗೋಡೆಗೆ ಪ್ಲಾಸ್ಟರ್, ನೆಲಕ್ಕೆ ವಾಟ ಕೊಟ್ಟು ಕಾಂಕ್ರೀಟ್.
5–11: ಬೆಳಿಗ್ಗೆ ಸಂಜೆ ನೀರು ಹೊಡೆಯುವುದು. ಏಳು ದಿನ.
12: ಆರಲು ಬಿಡುವುದು.
13–14: ವಾಟರ್‌ಪ್ರೂಫ್ ಕೋಟಿಂಗ್, ದಿನಕ್ಕೊಂದರಂತೆ ಎರಡು.
15–16: ಒಣಗಲು.
17–18: ಜಾಲಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಕಾಯುವುದು.
19–20: ಗೋಡೆಗೆ ಟೈಲ್ಸ್.
21: ನೆಲಕ್ಕೆ ಟೈಲ್ಸ್.
22: ಯಾರೂ ಕಾಲಿಡುವಂತಿಲ್ಲ.
23: ಸಂದಿ ತುಂಬುವುದು.
24: ಒಣಗಲು.
25: ನಲ್ಲಿ, ಬಾಗಿಲು, ಹಿಡಿಕೆ.
26: ಇನ್ನೊಂದು ದಿನ ಬಿಡುವುದು.

ಕೂಡಿಸಿ ನೋಡಿ. ಕೆಲಸದ ದಿನ 11, ಕಾಯುವ ದಿನ 15. ಮೇಸ್ತ್ರಿಗಳು "ಒಂದು ವಾರ" ಅಂದಾಗ ಬಿಟ್ಟುಹೋಗುವುದು ಈ ಕಾಯುವ ದಿನಗಳು. ಅವಸರ ಬಿದ್ದಾಗ ಮೊದಲು ಕತ್ತರಿ ಬೀಳುವುದು 5ರಿಂದ 11ಕ್ಕೆ, ಆಮೇಲೆ 17–18ಕ್ಕೆ. ನಮಗೆ ಮುಖ್ಯವಾದದ್ದು ಅವೇ. ನೀರು ಕುಡಿಯದ ಪ್ಲಾಸ್ಟರು ಬಿರುಕು ಬಿಡುತ್ತದೆ. ನೀರು ನಿಲ್ಲಿಸಿ ನೋಡದೆ ಟೈಲ್ಸ್ ಹಾಕಿದರೆ ಸೋರುವುದು ಗೊತ್ತಾಗುವುದೇ ಮುಂದೆ, ಮತ್ತೆ ಒಡೆಯಬೇಕಾದಾಗ. ಅದಕ್ಕೇ ಮೇಸ್ತ್ರಿಯ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೇವೆ: ದುಡ್ಡು ಹಂತಹಂತವಾಗಿ. 48 ಗಂಟೆ ನಿಂತ ನೀರು ಇಳಿಯದೆ, ಪಕ್ಕದ ಗೋಡೆ ಒದ್ದೆಯಾಗದೆ ಇದ್ದರೆ ಮಾತ್ರ ಮುಂದಿನ ಹಂತದ ದುಡ್ಡು. ಕಾಯುವ ದಿನಗಳಲ್ಲಿ ಅವರು ಬೇರೆ ಮನೆ ಕೆಲಸಕ್ಕೆ ಹೋಗಲಿ, ನಮ್ಮ ಅಭ್ಯಂತರವಿಲ್ಲ. 13ನೇ ದಿನ ಮತ್ತು 19ನೇ ದಿನ ಮಾತ್ರ ತಪ್ಪಿಸಬಾರದು.

ಈ 26ಕ್ಕೆ ಹಬ್ಬದ 3 ದಿನ ಸೇರಿಸಿದೆವು. ನಾಗರ ಪಂಚಮಿಗೆ ಒಂದು, ಗೌರಿ ಗಣೇಶನಿಗೆ ಎರಡು. ಮಳೆಗೆ 5 ದಿನ. ದೂಳು ಒರೆಸಿ, ಕೋಣೆಗೆ ಸುಣ್ಣ ಬಳಿದು, ವಾಸನೆ ಹೋಗಲು 7 ದಿನ. ಒಟ್ಟು 41. ಸೆಪ್ಟೆಂಬರ್ 24ರಿಂದ 41 ದಿನ ಹಿಂದಕ್ಕೆ ಹೋದರೆ ಆಗಸ್ಟ್ 14.

ನಿಮ್ಮ ಊರಲ್ಲಿ ಇದೇ ಲೆಕ್ಕ ನಡೆಯಬೇಕೆಂದೇನಿಲ್ಲ. ಸುದ್ದಿಗೆಂದು ನಾಲ್ಕು ತಾಲ್ಲೂಕು ಬೈಕಿನಲ್ಲಿ ತಿರುಗುವ ನಮಗೆ, ಒಂದೇ ದಾವಣಗೆರೆ ಜಿಲ್ಲೆಯೊಳಗೆ ನಾಲ್ಕು ಕ್ಯಾಲೆಂಡರ್ ಕಾಣುತ್ತವೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಗಾರೆ ಕೆಲಸಕ್ಕೆ ಕೈಯಾಳು ಸಿಗುವುದು ಕಷ್ಟ. ಕೊಯ್ಯಲು, ಸುಲಿಯಲು, ಬೇಯಿಸಲು ಎಲ್ಲರೂ ಬೇಕು. ಅಲ್ಲಿ ಅಡಿಕೆಗೆ ಮೊದಲೇ ಮುಗಿಸಿಕೊಳ್ಳಬೇಕು, ಇಲ್ಲವೇ ಸುಗ್ಗಿ ಕಳೆಯುವವರೆಗೆ ಕಾಯಬೇಕು. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ತಗ್ಗಿನ ಮನೆಗಳವರು ಗೋಡೆ ಒಡೆಸುವ ಮಾತೇ ಎತ್ತಬಾರದು. ನಮ್ಮ ನ್ಯಾಮತಿಗೆ ಶಿವಮೊಗ್ಗ ಕಡೆಯ ಮಳೆ ಹತ್ತಿರ, ಒಣಗುವ ದಿನ ಜಾಸ್ತಿ ಹಿಡಿಯುತ್ತದೆ. ಜಗಳೂರಿನಲ್ಲಿ ಉಲ್ಟಾ. ಅಲ್ಲಿ ಒಣಗಿಸುವುದಕ್ಕಿಂತ ಒದ್ದೆಯಾಗಿ ಇಡುವುದೇ ಕಷ್ಟ. ಏಳು ದಿನ ಗೋಡೆಗೆ ಹೊಡೆಯಲು, ಎರಡು ದಿನ ನೆಲದಲ್ಲಿ ನಿಲ್ಲಿಸಲು ಎಷ್ಟು ಕೊಡ ನೀರು ಬೇಕಾಗುತ್ತದೆ ಅಂತ ಯೋಚಿಸಿ. ಕುಡಿಯೋಕೆ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ಆ ಕೆಲಸಕ್ಕೆ ಕೈ ಹಾಕುವುದು ಬೇಡ.

ಸಾಮಾನಿನ ವಿಷಯಕ್ಕೆ ನಮ್ಮದು ಒಂದೇ ನಿಯಮ. ಟೈಲ್ಸ್ ಪೆಟ್ಟಿಗೆ, ಪೈಪು, ವಾಟರ್‌ಪ್ರೂಫ್ ಡಬ್ಬಿ, ನಲ್ಲಿ ಎಲ್ಲವೂ ಜಗಲಿಗೆ ಬಂದು ಕೂರುವವರೆಗೆ ಒಳಗೆ ಸುತ್ತಿಗೆ ಬೀಳಬಾರದು. ನಮ್ಮ ಅಂಗಡಿಗಳಿಗೆ ಬಹಳಷ್ಟು ಟೈಲ್ಸ್ ಗುಜರಾತಿನ ಮೋರ್ಬಿಯಿಂದ ಬರುತ್ತದೆ. "ನಾಳೆ ಲೋಡ್ ಬರುತ್ತೆ" ಅನ್ನುವ ಮಾತಿನ ಮೇಲೆ ಮನೆ ಒಡೆಯಲು ಆಗುವುದಿಲ್ಲ. ಐದು ಅಡಿಗೆ ಏಳು ಅಡಿಯ ಬಚ್ಚಲು ನಮ್ಮದು. ಏಳು ಅಡಿ ಎತ್ತರದ ಗೋಡೆ, ಬಾಗಿಲು ಕಳೆದು ಸುಮಾರು 150 ಚದರ ಅಡಿ. ನೆಲ 35. ಒಡೆದು ಹೋಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಹತ್ತಿರ ಹತ್ತಿರ 205. ಪೆಟ್ಟಿಗೆ ಮೇಲಿನ ಬ್ಯಾಚ್ ನಂಬರ್ ಎಲ್ಲದರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ. ನೆಲಕ್ಕೆ ಒರಟು ಮೈಯ ಮ್ಯಾಟ್ ಟೈಲ್ಸೇ ಬೇಕು ಅಂತ ಹೆಂಡತಿ ಹಟ ಹಿಡಿದಳು. ಎಣ್ಣೆ ಬಿದ್ದ ನೆಲ ತೊಳೆಯುವವಳು ಅವಳು, ಅಲ್ಲಿ ಅವಳ ಮಾತೇ ನಡೆಯಿತು.

ಉಳಿದದ್ದು ಆ 26 ದಿನ ಸ್ನಾನ ಎಲ್ಲಿ ಅನ್ನುವುದು. ಹೆಚ್ಚಿನವರು ಈ ಪ್ರಶ್ನೆಯನ್ನು ಬಚ್ಚಲು ಒಡೆದ ದಿನ ಸಂಜೆ ಕೇಳಿಕೊಳ್ಳುತ್ತಾರೆ. ಗಂಡಸರಿಗೆ ಬೋರ್‌ವೆಲ್ ಹತ್ತಿರ ನಡೆದುಹೋಗುತ್ತದೆ, ಹೆಣ್ಣುಮಕ್ಕಳು ನಸುಕಿನ ಕತ್ತಲಿಗೆ ಕಾಯಬೇಕಾಗುತ್ತದೆ. ನಾವು ಹಿತ್ತಿಲಲ್ಲಿ ನಾಲ್ಕು ಗೂಟ ನೆಟ್ಟು, ಸುತ್ತಲೂ ಮೇಲೂ ತಗಡು ಹೊಡೆದು, ಕೆಳಗೆ ಕಲ್ಲು ಚಪ್ಪಡಿ ಹಾಸಿ, ಹಂಡೆ ಒಲೆಯನ್ನು ಅಲ್ಲಿಗೆ ಸಾಗಿಸಲಿದ್ದೇವೆ. ಒಳಗಿನಿಂದ ಚಿಲಕ ಇರಲೇಬೇಕು ಅಂತ ಅವ್ವನ ಶರತ್ತು. ಶೌಚಾಲಯ ಹೊರಗೆ ಬೇರೆಯೇ ಇದೆ. ಅದರ ನೆಲವೂ ಸರಿಯಿಲ್ಲ. "ಎರಡೂ ಒಟ್ಟಿಗೆ ಮುಗಿಸೋಣ" ಅಂತ ಮೇಸ್ತ್ರಿ ಹೇಳಿದರು. ಈ ಸಲ ಬೇಡ ಅಂದೆವು. ಸ್ನಾನಕ್ಕೆ ತಗಡಿನ ಮರೆ ಸಾಕು, ಅದಕ್ಕೆ ಸಾಲದು. ವಯಸ್ಸಾದವರು ಇರುವ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಮುಚ್ಚಬೇಡಿ.

ಸುದ್ದಿ ಲೆಕ್ಕದಲ್ಲಿ ದುಡ್ಡು ಬರುವ ನಮಗೆ ಆಗಸ್ಟ್ ಹೊತ್ತಿಗೆ ಪೂರ್ತಿ ಹಣ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ. ಆದ್ದರಿಂದ ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಬರೆದಿದ್ದೇವೆ. ಆಗಸ್ಟ್ 13ರ ಸಂಜೆಗೆ ಎಲ್ಲ ಸಾಮಾನು ಜಗಲಿಗೆ ಬಂದಿರದಿದ್ದರೆ ಈ ವರ್ಷ ಒಡೆಯುವುದಿಲ್ಲ. ಗೋಡೆಗೆ ಎರಡು ಹಿಡಿಕೆ, ನೆಲಕ್ಕೆ ರಬ್ಬರ್ ಮ್ಯಾಟು, ಕೂಸಿಗೆ ಒಸರದ ಇನ್ನೊಂದು ಕೋಣೆ. ಕೆಲಸ ಬಾಣಂತನ ಮುಗಿದ ಮೇಲೆ. ಅರ್ಧ ಒಡೆದ ಬಚ್ಚಲಿಗೆ ತಂಗಿಯನ್ನು ಕರೆತರುವುದಕ್ಕಿಂತ ಹಳೆಯ ಬಚ್ಚಲಲ್ಲಿ ಕೈಹಿಡಿದು ನೀರು ಹಾಕುವುದು ವಾಸಿ. ಆ ಸಾಲನ್ನು ಓದಿ ಹೇಳಿದಾಗ ಅವ್ವ, "ಇದು ಲೆಕ್ಕ" ಅಂದಳು.